ಸೈಟ್ ನಮಗೆ ಸರಿ, ಗಿರಾಕಿಗೆ ರಮ್ಮಿ: ವರ್ಡ್‌ಪ್ರೆಸ್‌ನ ಕಳ್ಳ ರೀಡೈರೆಕ್ಟ್ ಹುಡುಕುವ ಬಗೆ

ದೂರು ಹೆಚ್ಚು ಕಮ್ಮಿ ಯಾವಾಗಲೂ ಒಂದೇ ಥರ ಇರುತ್ತದೆ. ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಹೇಳಿದ್ದು ಹೀಗೆ: “ಎಂಥದು ಮಾರಾಯ್ರೆ ಇದು? ಬೆಂಗಳೂರಿನ ಗೆಸ್ಟ್ ಗೂಗಲ್‌ನಲ್ಲಿ ನಮ್ಮ ಹೆಸರು ಹುಡುಕಿ ಒತ್ತಿದ್ರೆ ರಮ್ಮಿ ಆಟದ ಪೇಜ್ ಬರ್ತದಂತೆ. ನಾನು ನೋಡಿದ್ರೆ ಎಲ್ಲ ಸರಿಯಾಗೇ ಇದೆ.”

ಇಬ್ಬರು ಹೇಳುವುದೂ ನಿಜ. ಇದೇ ಕಳ್ಳ ರೀಡೈರೆಕ್ಟ್, ಅಂದರೆ ಸೈಟ್‌ಗೆ ಬಂದವರನ್ನು ಬೇರೆ ಸೈಟ್‌ಗೆ ತಿರುಗಿಸುವುದು. ಒಳಗೆ ಸೇರಿಕೊಂಡ ಕೋಡ್ ಆಳು ನೋಡಿ ಆಟ ಆಡುತ್ತದೆ. ಮಾಲೀಕರಿಗೆ ಕಾಣಿಸಿಕೊಂಡರೆ ಅದೇ ದಿನ ಕಿತ್ತು ಹಾಕುತ್ತಾರೆ ಅಂತ ಬರೆದವನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ನಿಮ್ಮ ಪರದೆಯಲ್ಲಿ ಸರಿ ಕಂಡಿತು ಅನ್ನುವುದಕ್ಕೆ ಈ ದೋಷದಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಇಲ್ಲಿ ಹೇಳುವುದೆಲ್ಲ ವರ್ಡ್‌ಪ್ರೆಸ್‌ಗೆ (ಸೈಟ್ ಕಟ್ಟಿ ನಡೆಸುವ ತಂತ್ರಾಂಶ), ಅದರಲ್ಲೂ ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಹಲವರು ಹಂಚಿಕೊಂಡ ಬಾಡಿಗೆ ಸರ್ವರ್‌ನಲ್ಲಿ, ಕೂತ ಸಣ್ಣ ಸೈಟ್‌ಗೆ. ಶಿವಮೊಗ್ಗ, ಸಾಗರ, ಹೊಸನಗರದಿಂದ ನನ್ನ ಕೈಗೆ ಬರುವ ಹೋಂಸ್ಟೇ, ಅಡಿಕೆ ಮಂಡಿ, ಶಾಲೆ, ದೇವಸ್ಥಾನದ ಸೈಟ್‌ಗಳೆಲ್ಲ ಈ ಥರದವೇ. ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ. ಅಪ್‌ಡೇಟ್ ಬಟನ್ ಒತ್ತುವವರು ಯಾರೂ ಇರುವುದಿಲ್ಲ.

ಮೊದಲು ದೋಷ ನಿಮ್ಮ ಕಣ್ಣಿಗೆ ಬೀಳಬೇಕು

ಕಳ್ಳ ಕೋಡ್ ಸಾಮಾನ್ಯವಾಗಿ ನಾಲ್ಕು ವಿಷಯ ನೋಡುತ್ತದೆ. ಬಂದವರು ಗೂಗಲ್‌ನಿಂದ ಬಂದರೋ, ವಿಳಾಸ ಟೈಪ್ ಮಾಡಿ ಬಂದರೋ? ಮೊಬೈಲೋ, ಕಂಪ್ಯೂಟರೋ? ಅಡ್ಮಿನ್ ಆಗಿ ಲಾಗಿನ್ ಆಗಿದ್ದಾರೋ? ಈ ಮೊದಲೇ ಒಂದು ಸಲ ಇವರನ್ನು ಕಳಿಸಿ ಆಗಿದೆಯೋ? ಕೊನೆಯದು ಬಹಳ ತಲೆ ತಿನ್ನುತ್ತದೆ. ಒಂದು ಸಲ ರಮ್ಮಿ ಪುಟಕ್ಕೆ ಹೋದವರ ಕುಕಿಯನ್ನೋ ಐಪಿ ವಿಳಾಸವನ್ನೋ ನೆನಪಿಟ್ಟುಕೊಂಡು, ಎರಡನೇ ಸಲ ಸುಮ್ನೆ ಒಳಗೆ ಬಿಡುತ್ತದೆ. “ಆಗ ಬಂತು, ಈಗ ಬರ್ತಿಲ್ಲ, ತಾನಾಗೇ ಸರಿ ಆಯ್ತು” ಅನ್ನುವ ಮಾತು ಹುಟ್ಟುವುದು ಇಲ್ಲಿಂದ.

ಆದ್ದರಿಂದ ಗಿರಾಕಿ ಬಂದ ದಾರಿಯಲ್ಲೇ ಹೋಗಿ. ಆಂಡ್ರಾಯ್ಡ್ ಫೋನ್‌ನಲ್ಲಿ ವೈಫೈ ಆರಿಸಿ, ಮೊಬೈಲ್ ಡೇಟಾ ಹಾಕಿ. ಕ್ರೋಮ್‌ನ ಇನ್‌ಕಾಗ್ನಿಟೋ ತೆರೆದು ಗೂಗಲ್‌ನಲ್ಲಿ ಸೈಟ್ ಹೆಸರು ಹುಡುಕಿ, ಫಲಿತಾಂಶವನ್ನು ಒತ್ತಿ. ಇನ್ನೊಂದು ಸಲ ನೋಡಬೇಕೆಂದರೆ ಇನ್‌ಕಾಗ್ನಿಟೋ ಟ್ಯಾಬ್ ಪೂರ್ತಿ ಮುಚ್ಚಿ, ಫ್ಲೈಟ್ ಮೋಡ್ ಹಾಕಿ ತೆಗೆಯಿರಿ. ಸಾಮಾನ್ಯವಾಗಿ ಐಪಿ ಬದಲಾಗುತ್ತದೆ. ಮನೆಯಲ್ಲಿ ಟವರ್ ಸಿಗದಿದ್ದರೆ ಸಿಗುವ ಗುಡ್ಡಕ್ಕೆ ಹತ್ತಿ ನೋಡಬೇಕಾಗಿಲ್ಲ, ಪೇಟೆಯಲ್ಲಿರುವ ನೆಂಟರಿಗೆ ಹೇಳಿ ಪರದೆಯ ವಿಡಿಯೋ ಮಾಡಿಸಿಕೊಳ್ಳಿ. ಫೋಟೋ ಸಾಲದು. ಪುಟ ಯಾವ ಕ್ರಮದಲ್ಲಿ ಬದಲಾಯಿತು ಅನ್ನುವುದು ಮುಂದೆ ಬೇಕಾಗುತ್ತದೆ.

ಹ್ಯಾಕ್ ಅಂತ ತೀರ್ಮಾನ ಮಾಡುವ ಮೊದಲು ಮೂರು ಸಣ್ಣ ಸಂಶಯ ಕಳೆದುಕೊಳ್ಳಿ. ಆ ಗಿರಾಕಿಯ ಫೋನ್‌ನಲ್ಲಿ ಬೇರೆ ಸೈಟ್‌ಗಳೂ ಹೀಗೇ ಹಾರುತ್ತವೆಯೇ? ಹಾಗಿದ್ದರೆ ರೋಗ ಅವರ ಫೋನ್‌ನಲ್ಲಿದೆ. ಡೊಮೇನ್ ಅವಧಿ ಮುಗಿದಿದೆಯೇ? ಮುಗಿದಿದ್ದರೆ ಎಲ್ಲರಿಗೂ ಕೆಡುತ್ತದೆ, ಆರಿಸಿ ಕೆಲವರಿಗಲ್ಲ. ಮೂರನೆಯದು ಹೋಂಸ್ಟೇಯವರು ಮರೆಯಬಾರದ್ದು: ಗಿರಾಕಿ ಒತ್ತಿದ್ದು ಗೂಗಲ್ ಮ್ಯಾಪ್ಸ್‌ನ ‘ವೆಬ್‌ಸೈಟ್’ ಬಟನ್ ಆಗಿರಬಹುದು. ಅಲ್ಲಿನ ವಿಳಾಸಕ್ಕೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ನೀವು ಗಮನಿಸದೇ ಇದ್ದಾಗ ಅದು ಬದಲಾಗಿಯೂ ಬಿಡಬಹುದು. ನಿಮ್ಮ ಬಿಸಿನೆಸ್ ಪ್ರೊಫೈಲ್‌ನಲ್ಲಿ ಯಾವ ವಿಳಾಸ ಇದೆ ಅಂತ ನೋಡಿಕೊಳ್ಳಿ.

ಯಾವುದನ್ನೂ ಅಳಿಸಬೇಡಿ, ಇನ್ನೂ

ಗಾಬರಿಯಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸ ಯಾವುದೋ ಸೆಕ್ಯೂರಿಟಿ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಹಾಕಿ ‘ಕ್ಲೀನ್’ ಒತ್ತುವುದು. ಅದು ನಾಲ್ಕು ಫೈಲ್ ಅಳಿಸುತ್ತದೆ, ಸೈಟ್ ಸರಿ ಹೋಗುತ್ತದೆ, ಮುಂದಿನ ವಾರ ರಮ್ಮಿ ವಾಪಸ್. ಕಳ್ಳ ಯಾವ ಬಾಗಿಲಿನಿಂದ ಬಂದ ಅನ್ನುವ ಗುರುತೂ ಅಷ್ಟರಲ್ಲಿ ಅಳಿಸಿ ಹೋಗಿರುತ್ತದೆ. ಬಾಗಿಲು ಹುಡುಕದೆ ಫೈಲ್ ಅಳಿಸುವುದು, ಉಂಬಳ (ಜಿಗಣೆ) ಕಿತ್ತು ಬಿಸಾಕಿ ಮತ್ತೆ ಅದೇ ಹುಲ್ಲಿನಲ್ಲಿ ನಡೆದ ಹಾಗೆ.

ಮೂರರ ಪ್ರತಿ ತೆಗೆದಿಡಿ: ಎಲ್ಲಾ ಫೈಲ್‌ಗಳು, ಡೇಟಾಬೇಸ್, ಸರ್ವರ್‌ನ ಆಕ್ಸೆಸ್ ಲಾಗ್ (ಯಾರು ಯಾವಾಗ ಯಾವ ಪುಟ ಕೇಳಿದರು ಅನ್ನುವ ದಾಖಲೆ). ಲಾಗ್ ಮೊದಲು. ಅಗ್ಗದ ಹೋಸ್ಟಿಂಗ್‌ಗಳಲ್ಲಿ ಹಳೆಯ ಲಾಗ್ ಬಹಳ ದಿನ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ದೊಡ್ಡ ಜಿಪ್ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಮೊದಲು ಸರ್ವರ್‌ನಲ್ಲೇ ಜಿಪ್ ಮಾಡಿಸಿ, ಆಮೇಲೆ ನಿಧಾನಕ್ಕೆ ಇಳಿಸಿಕೊಳ್ಳಿ. ಆ ಜಿಪ್ ಮಾತ್ರ ಪಬ್ಲಿಕ್-ಎಚ್‌ಟಿಎಂಎಲ್ ಫೋಲ್ಡರ್‌ನ ಹೊರಗಿರಲಿ. ಒಳಗಿಟ್ಟರೆ ಹೆಸರು ಊಹಿಸಿದ ಯಾರಾದರೂ ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಸಮೇತ ಇಳಿಸಿಕೊಳ್ಳಬಹುದು. ‘ಬ್ಯಾಕಪ್’ ಅಂತ ಹೆಸರಿಟ್ಟು ಅಲ್ಲೇ ಬಿಟ್ಟ ಜಿಪ್‌ಗಳನ್ನು ಹಳೆಯ ಸೈಟ್‌ಗಳಲ್ಲಿ ನಾನು ಕಾಣುತ್ತಲೇ ಇರುತ್ತೇನೆ.

ಕವಲು: ಸರ್ವರ್ ಕಳಿಸುತ್ತಿದೆಯೋ, ಪುಟ ಕಳಿಸುತ್ತಿದೆಯೋ

ಹುಡುಕಾಟ ಅರ್ಧ ಹಗುರವಾಗುವುದು ಇಲ್ಲಿ. ಗಿರಾಕಿಯ ವಿಡಿಯೋ ನೋಡಿ. ನಿಮ್ಮ ಸೈಟ್‌ನ ಪುಟ ಒಂದು ಕ್ಷಣವಾದರೂ ಕಂಡು, ಆಮೇಲೆ ರಮ್ಮಿಗೆ ಹಾರಿತೆ? ಹಾಗಿದ್ದರೆ ಪುಟದೊಳಗೆ ಜಾವಾಸ್ಕ್ರಿಪ್ಟ್ ಸೇರಿದೆ. ನಿಮ್ಮ ಪುಟ ಕಾಣಿಸದೆ ನೇರ ರಮ್ಮಿಯೇ ಬಂತೆ? ಹಾಗಿದ್ದರೆ ಬಹುಮಟ್ಟಿಗೆ ಸರ್ವರ್ ಮಟ್ಟದಲ್ಲೇ ದಾರಿ ತಿರುಗಿದೆ.

ಕಣ್ಣಿನ ಲೆಕ್ಕ ಸಾಲದೆನಿಸಿದರೆ ಕರ್ಲ್ (ಬ್ರೌಸರ್ ಇಲ್ಲದೆ ಪುಟ ತರಿಸುವ ಆದೇಶ) ಬಳಸಿ. ಯೂಸರ್ ಏಜೆಂಟ್ (ಯಾವ ಬ್ರೌಸರ್ ಅನ್ನುವ ಗುರುತು) ಜಾಗದಲ್ಲಿ ಆಂಡ್ರಾಯ್ಡ್ ಕ್ರೋಮ್‌ನದು ಕೊಡಿ, ರೆಫರರ್ (ಎಲ್ಲಿಂದ ಬಂದರು ಅನ್ನುವ ಗುರುತು) ಜಾಗದಲ್ಲಿ ಗೂಗಲ್ ವಿಳಾಸ ಕೊಡಿ. ಹೆಡ್ ವಿನಂತಿ (ಪುಟ ಬಿಟ್ಟು ಹೆಡರ್ ಮಾತ್ರ ಕೇಳುವುದು) ಬೇಡ, ಗೆಟ್ (ಪುಟವನ್ನೇ ಕೇಳುವುದು) ಮಾಡಿಯೇ ಹೆಡರ್, ಅಂದರೆ ಉತ್ತರದ ಮೊದಲಿಗೆ ಬರುವ ಮಾಹಿತಿ ಸಾಲು, ನೋಡಿ, ಯಾಕೆಂದರೆ ಕೆಲವು ಕೋಡ್ ಹೆಡ್‌ಗೆ ಬಾಯಿ ಬಿಡುವುದಿಲ್ಲ. ಉತ್ತರದಲ್ಲಿ 301 ಅಥವಾ 302 (ಬೇರೆ ವಿಳಾಸಕ್ಕೆ ಹೋಗಿ ಅನ್ನುವ ಸಂಕೇತ) ಇದ್ದು, ಲೊಕೇಶನ್ ಸಾಲಿನಲ್ಲಿ ಅಪರಿಚಿತ ವಿಳಾಸ ಇದ್ದರೆ ಸರ್ವರ್ ಕಡೆಯ ಕೆಲಸ. 200 (ಸರಿ ಅನ್ನುವ ಸಂಕೇತ) ಬಂದು ಪುಟ ಪೂರ್ತಿ ಸಿಕ್ಕರೆ, ಆ ಪುಟದ ಸೋರ್ಸ್‌ನಲ್ಲಿ ಸ್ಕ್ರಿಪ್ಟ್ ಹುಡುಕಿ.

ಸರ್ವರ್ ಕಡೆ ಅಂತಾದರೆ ಮೊದಲು ತೆರೆಯಬೇಕಾದ್ದು ಡಾಟ್ ಎಚ್‌ಟಿಆಕ್ಸೆಸ್ (.htaccess), ಸರ್ವರ್‌ಗೆ ನಿಯಮ ಹೇಳುವ ಫೈಲ್. ವರ್ಡ್‌ಪ್ರೆಸ್ ತಾನು ಬರೆದ ಸಾಲುಗಳನ್ನು ‘ಬಿಗಿನ್ ವರ್ಡ್‌ಪ್ರೆಸ್’, ‘ಎಂಡ್ ವರ್ಡ್‌ಪ್ರೆಸ್’ ಅನ್ನುವ ಎರಡು ಗುರುತಿನ ನಡುವೆ ಇಡುತ್ತದೆ. ಆ ನಡುವಿನದು ಕೆಲವೇ ಸಾಲು. ಹೊರಗೆ ರೆಫರರ್‌ನಲ್ಲಿ ಗೂಗಲ್, ಯೂಸರ್ ಏಜೆಂಟ್‌ನಲ್ಲಿ ಆಂಡ್ರಾಯ್ಡ್ ಅಂತ ಷರತ್ತು ಹಾಕಿದ ರೀರೈಟ್ (ವಿಳಾಸ ತಿರುಗಿಸುವ) ನಿಯಮ ಕಂಡರೆ ಸಿಕ್ಕಿತು ಅಂತಲೇ ತಿಳಿಯಿರಿ. ಒಂದು ಉಪಾಯ ಗೊತ್ತಿರಲಿ: ಫೈಲ್ ಖಾಲಿ ಕಾಣುವಂತೆ ನೂರಾರು ಖಾಲಿ ಸಾಲು ಕೊಟ್ಟು ಕೆಳಗೆ ಬರೆದಿರುತ್ತಾರೆ. ಇಲ್ಲವೇ ಸ್ಪೇಸ್ ಹೊಡೆದು ಹೊಡೆದು ಪರದೆಯ ಬಲಗಡೆ ಆಚೆಗೆ ತಳ್ಳಿರುತ್ತಾರೆ. ಎಡಿಟರ್‌ನಲ್ಲಿ ವರ್ಡ್ ವ್ರ್ಯಾಪ್ ಹಾಕಿ, ಕೊನೆಯವರೆಗೂ ಇಳಿದು ನೋಡಿ. ಈ ಫೈಲ್ ಒಳ ಫೋಲ್ಡರ್‌ಗಳಲ್ಲೂ, ಸೈಟ್‌ಗಿಂತ ಒಂದು ಮೆಟ್ಟಿಲು ಮೇಲೆಯೂ ಇರಬಹುದು.

ಅಲ್ಲಿ ಏನೂ ಇಲ್ಲವೆಂದರೆ ಪಿಎಚ್‌ಪಿ (ವರ್ಡ್‌ಪ್ರೆಸ್ ಅನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಫೈಲ್‌ಗಳಾದ ಇಂಡೆಕ್ಸ್ ಡಾಟ್ ಪಿಎಚ್‌ಪಿ, ಡಬ್ಲ್ಯೂಪಿ-ಕಾನ್ಫಿಗ್, ಥೀಮ್‌ನ (ಸೈಟ್‌ನ ವಿನ್ಯಾಸದ) ಫಂಕ್ಷನ್ಸ್ ಫೈಲ್ ನೋಡಿ. ಡಾಟ್ ಯೂಸರ್ ಡಾಟ್ ಐಎನ್‌ಐ ಅನ್ನುವ ಫೈಲ್ ಇದ್ದು, ಅದರಲ್ಲಿ ‘ಆಟೋ ಪ್ರಿಪೆಂಡ್ ಫೈಲ್’ ಅಂತ ಸಾಲಿದ್ದರೆ, ಅಲ್ಲಿ ಹೆಸರಿಸಿದ ಫೈಲ್ ಪ್ರತಿ ಪಿಎಚ್‌ಪಿ ಪುಟಕ್ಕೂ ಮೊದಲು ಓಡುತ್ತದೆ. ಕೆಲವು ಸೆಕ್ಯೂರಿಟಿ ಪ್ಲಗಿನ್‌ಗಳೂ ಇದನ್ನು ಬಳಸುತ್ತವೆ, ಆದ್ದರಿಂದ ಕಂಡ ಕೂಡಲೇ ಅಳಿಸದೆ ಅದು ತೋರಿಸುವ ಫೈಲ್ ಯಾವುದು ಅಂತ ನೋಡಿ.

ಬಹಳ ಜನ ನೋಡದೆ ಬಿಡುವ ಜಾಗ ‘ಎಂಯು-ಪ್ಲಗಿನ್ಸ್’ ಫೋಲ್ಡರ್. ಡಬ್ಲ್ಯೂಪಿ-ಕಂಟೆಂಟ್ ಒಳಗಿರುವ ಈ ಫೋಲ್ಡರ್‌ನ ಪ್ಲಗಿನ್‌ಗಳು ಯಾರೂ ಆಕ್ಟಿವೇಟ್ ಮಾಡದೆ ತಾವೇ ಓಡುತ್ತವೆ. ಡ್ಯಾಶ್‌ಬೋರ್ಡ್‌ನಿಂದ ಅವನ್ನು ನಿಲ್ಲಿಸಲೂ ಆಗುವುದಿಲ್ಲ. “ಎಲ್ಲಾ ಪ್ಲಗಿನ್ ಆಫ್ ಮಾಡಿ ನೋಡಿದೆ, ಆದ್ರೂ ಬರ್ತದೆ” ಅಂದವರಿಗೆ ನಾನು ಮೊದಲು ಕೇಳುವುದು ಇದನ್ನೇ. ಪಕ್ಕದಲ್ಲೇ ಅಡ್ವಾನ್ಸ್ಡ್-ಕ್ಯಾಶ್, ಆಬ್ಜೆಕ್ಟ್-ಕ್ಯಾಶ್, ಡಿಬಿ ಹೆಸರಿನ ಪಿಎಚ್‌ಪಿ ಫೈಲ್‌ಗಳಿದ್ದರೆ ಅವನ್ನೂ ತೆರೆಯಿರಿ. ಕ್ಯಾಶ್ ಪ್ಲಗಿನ್ (ಪುಟದ ಸಿದ್ಧ ಪ್ರತಿ ಇಟ್ಟುಕೊಂಡು ಬೇಗ ಕೊಡುವಂಥದ್ದು) ಇಟ್ಟದ್ದಾದರೆ ಸರಿ, ಕ್ಯಾಶ್ ಪ್ಲಗಿನ್ನೇ ಇಲ್ಲದ ಸೈಟ್‌ನಲ್ಲಿ ಅದಕ್ಕೇನು ಕೆಲಸ?

ಪುಟದ ಕಡೆ ಅಂತಾದರೆ ಡೇಟಾಬೇಸ್‌ಗೆ ಹೋಗಿ. ಪಿಎಚ್‌ಪಿ-ಮೈ-ಅಡ್ಮಿನ್‌ನಲ್ಲಿ (ಡೇಟಾಬೇಸ್ ತೆರೆದು ನೋಡುವ ಸಲಕರಣೆ) ಪೋಸ್ಟ್ಸ್ ಮತ್ತು ಆಪ್ಷನ್ಸ್ ಟೇಬಲ್‌ಗಳಲ್ಲಿ ‘ಸ್ಕ್ರಿಪ್ಟ್’ (script), ‘ಫ್ರಮ್-ಚಾರ್-ಕೋಡ್’ (fromCharCode), ‘ಎಟೊಬಿ’ (atob) ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಪ್ರತಿಯೊಂದು ಪೋಸ್ಟ್‌ನ ಬಾಲದಲ್ಲೂ ಒಂದೇ ಸ್ಕ್ರಿಪ್ಟ್ ಅಂಟಿದ್ದರೆ ಅದು ನಿಮ್ಮದಲ್ಲ. ಅನಲಿಟಿಕ್ಸ್, ವಾಟ್ಸಾಪ್ ಬಟನ್ ಕೂಡ ಸ್ಕ್ರಿಪ್ಟ್‌ಗಳೇ, ಅವನ್ನು ಕಳ್ಳ ಅಂತ ಕಿತ್ತು ಹಾಕಬೇಡಿ. ಹೆಡರ್-ಫೂಟರ್‌ಗೆ ಕೋಡ್ ಸೇರಿಸುವ ಪ್ಲಗಿನ್ ಇದ್ದರೆ ಅದರ ಪೆಟ್ಟಿಗೆಯೊಳಗೂ ಇಣುಕಿ. ಡೇಟಾಬೇಸ್‌ನಲ್ಲಿ ಇಲ್ಲ, ಆದರೆ ಪುಟದ ಸೋರ್ಸ್‌ನಲ್ಲಿ ಇದೆ ಅಂತಾದರೆ ಯಾವುದೋ ಪಿಎಚ್‌ಪಿ ಫೈಲ್ ಅದನ್ನು ಆಗಿಂದಾಗ ಸೇರಿಸುತ್ತಿದೆ. ಆಗ ಮತ್ತೆ ಫೈಲ್‌ಗಳ ಕಡೆಗೇ.

ಲಾಗಿನ್ ಪುಟವೂ ರಮ್ಮಿಗೇ ಹೋಗುತ್ತಿದೆಯೆ? ಆಪ್ಷನ್ಸ್ ಟೇಬಲ್‌ನ ‘ಸೈಟ್‌ಯುಆರ್‌ಎಲ್’ ಮತ್ತು ‘ಹೋಮ್’ ಬದಲಾಗಿರಬಹುದು. ಅಲ್ಲೇ ತಿದ್ದಿದರೆ ಒಳಗೆ ಹೋಗಬಹುದು.

ಯಾವ ಫೈಲ್ ಮೂಲದ್ದು, ಯಾವುದು ಹೊರಗಿನದು

ಸಾವಿರಾರು ಫೈಲ್ ಕಣ್ಣಲ್ಲಿ ನೋಡುವುದು ಆಗದ ಮಾತು. ಎಸ್‌ಎಸ್‌ಎಚ್ (ಸರ್ವರ್‌ಗೆ ನೇರ ಆದೇಶ ಕೊಡುವ ದಾರಿ) ಇದ್ದರೆ ಡಬ್ಲ್ಯೂಪಿ-ಸಿಎಲ್‌ಐಯಲ್ಲಿ (ಆದೇಶ ಬರೆದು ವರ್ಡ್‌ಪ್ರೆಸ್ ನಡೆಸುವ ಸಲಕರಣೆ) ‘ಕೋರ್ ವೆರಿಫೈ-ಚೆಕ್‌ಸಮ್ಸ್’ ಅನ್ನುವ ಆದೇಶ ಕೊಡಿ. ನಿಮ್ಮ ವರ್ಡ್‌ಪ್ರೆಸ್ ಫೈಲ್‌ಗಳನ್ನು ಮೂಲದ ಲೆಕ್ಕದ ಜೊತೆ ತಾಳೆ ನೋಡಿ, ಬದಲಾದವನ್ನೂ, ಅಲ್ಲಿ ಇರಬಾರದವನ್ನೂ ಹೆಸರು ಹಿಡಿದು ಹೇಳುತ್ತದೆ. ಪ್ಲಗಿನ್‌ಗಳಿಗೂ ಇಂಥದೇ ಆದೇಶ ಇದೆ, ಆದರೆ ಅದು ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಿಂದ ಬಂದ ಪ್ಲಗಿನ್‌ಗಳಿಗೆ ಮಾತ್ರ. ದುಡ್ಡು ಕೊಟ್ಟು ಕೊಂಡವನ್ನು ಹೊಸ ಪ್ರತಿ ಇಳಿಸಿ ನೀವೇ ಹೋಲಿಸಬೇಕು. ಈ ತಾಳೆ ಅಪ್‌ಲೋಡ್ಸ್ ಫೋಲ್ಡರ್‌ಗೆ ಕೈ ಹಾಕುವುದಿಲ್ಲ. ಕಳ್ಳನಿಗೆ ಇಷ್ಟವಾದ ಜಾಗವೂ ಅದೇ.

ಅಪ್‌ಲೋಡ್ಸ್‌ನಲ್ಲಿ ಫೋಟೋ, ಪಿಡಿಎಫ್ ಇರಬೇಕು. ಪಿಎಚ್‌ಪಿ ಫೈಲ್ ಕಂಡರೆ ಅದು ಸಂಶಯಾಸ್ಪದವೇ. ಕೆಲವು ಪ್ಲಗಿನ್‌ಗಳು ಒಂದೇ ಒಂದು ಕಾಮೆಂಟ್ ಸಾಲು ಇರುವ ಇಂಡೆಕ್ಸ್ ಡಾಟ್ ಪಿಎಚ್‌ಪಿ ಇಟ್ಟಿರುತ್ತವೆ, ಅದು ಪಾಪದ್ದು. ಆ ಹೋಂಸ್ಟೇ ಸೈಟ್‌ನಲ್ಲಿ 2021ರ ಜುಲೈ ಫೋಲ್ಡರ್ ತೆರೆದರೆ ಸಾಲಾಗಿ ಜೋಗದ ಮಳೆಗಾಲದ ಫೋಟೋಗಳು, ನಡುವೆ ‘ಇಮೇಜ್-ಕ್ಯಾಶ್’ ಅಂತ ಸಭ್ಯ ಹೆಸರಿನ ಒಂದು ಪಿಎಚ್‌ಪಿ. ತಾರೀಖು ನೋಡಿದರೆ ಪಕ್ಕದ ಫೋಟೋಗಳದ್ದೇ. ಫೈಲ್ ಬದಲಾದ ತಾರೀಖನ್ನು ಹಿಂದಕ್ಕೆ ತಿರುಗಿಸುವುದು ಒಂದು ಆದೇಶದ ಕೆಲಸ. ಅದನ್ನು ನಂಬಬೇಡಿ. ‘ಸ್ಟ್ಯಾಟ್’ ಆದೇಶದಲ್ಲಿ ‘ಚೇಂಜ್’ ಅನ್ನುವ ಇನ್ನೊಂದು ಸಮಯ ಬರುತ್ತದೆ, ಅದನ್ನು ತಿರುಚುವುದು ಅಷ್ಟು ಸುಲಭವಲ್ಲ. ಅಲ್ಲಿ ನಿಜವಾದ ದಿನ ಇತ್ತು.

ಬಾಗಿಲು ಯಾವುದು

ಆ ದಿನವನ್ನು ಹಿಡಿದು ಲಾಗ್‌ಗೆ ಹೋಗಿ. ಒಂದು ಎಚ್ಚರ: ಸರ್ವರ್ ಗಡಿಯಾರ ನಮ್ಮದಲ್ಲ. ಸಮಯದ ಪಕ್ಕ +0000 ಅಂತಿದ್ದರೆ ಅದು ಯುಟಿಸಿ (ಜಾಗತಿಕ ಸಮಯ), ಐದೂವರೆ ಗಂಟೆ ಕೂಡಿಸಬೇಕು. ನಾನು ನೋಡಿದ ಸಾಲು 21:47ರದ್ದು, ಅಂದರೆ ಇಲ್ಲಿ ಮರುದಿನ ಬೆಳಗಿನ ಜಾವ 3:17. ಆ ಹೊತ್ತಿನಲ್ಲಿ ಯಾರೂ ಹೋಂಸ್ಟೇ ಸೈಟ್‌ಗೆ ಫೋಟೋ ಏರಿಸುವುದಿಲ್ಲ, ಅಲ್ವಾ? ಆ ‘ಇಮೇಜ್-ಕ್ಯಾಶ್’ ಫೈಲ್‌ಗೆ ಪೋಸ್ಟ್ ವಿನಂತಿ (ಸರ್ವರ್‌ಗೆ ಮಾಹಿತಿ ಕಳಿಸುವುದು), ಉತ್ತರ 200. ಅದೇ ಐಪಿ ವಿಳಾಸವನ್ನು ಲಾಗ್‌ನಲ್ಲಿ ಹಿಂದಕ್ಕೆ ಹುಡುಕಿದರೆ, ಸ್ವಲ್ಪ ಮೊದಲು ಒಂದು ಹಳೆಯ ಗ್ಯಾಲರಿ ಪ್ಲಗಿನ್‌ನ ಅಪ್‌ಲೋಡ್ ವಿಳಾಸಕ್ಕೆ ಇನ್ನೊಂದು ಪೋಸ್ಟ್. ಬಾಗಿಲು ಅದು. ಪ್ಲಗಿನ್ ಡಿಆಕ್ಟಿವೇಟ್ ಆಗಿತ್ತು, ಆದರೆ ಫೈಲ್‌ಗಳು ಸರ್ವರ್‌ನಲ್ಲೇ ಇದ್ದವು. ಡಿಆಕ್ಟಿವೇಟ್ ಮಾಡಿದ ಪ್ಲಗಿನ್‌ನ ಪಿಎಚ್‌ಪಿ ಫೈಲನ್ನೂ ಹೊರಗಿನಿಂದ ನೇರ ಕರೆಯಬಹುದು. ಬೇಡದ ಪ್ಲಗಿನ್ ಅಳಿಸಿಯೇ ಹಾಕಬೇಕು.

ಇದು ಅಪರೂಪದ ಕಥೆಯೇನಲ್ಲ. 2020ರ ಸೆಪ್ಟೆಂಬರ್‌ನಲ್ಲಿ ‘ಫೈಲ್ ಮ್ಯಾನೇಜರ್’ ಅನ್ನುವ ಪ್ಲಗಿನ್‌ನಲ್ಲಿ ಇಂಥದೇ ತೂತು ಬಯಲಾಯಿತು. ಲಾಗಿನ್ ಇಲ್ಲದೆ ಯಾರು ಬೇಕಾದರೂ ಫೈಲ್ ಏರಿಸಬಹುದಿತ್ತು. ಆಗ ಅದು 7 ಲಕ್ಷಕ್ಕೂ ಜಾಸ್ತಿ ಸೈಟ್‌ಗಳಲ್ಲಿತ್ತು. 6.9ನೇ ಆವೃತ್ತಿಯಲ್ಲಿ ಸರಿ ಮಾಡಿದರು, ಆದರೆ ಸರಿ ಮಾಡಿದ್ದು ಅಪ್‌ಡೇಟ್ ಮಾಡಿಕೊಂಡವರಿಗೆ ಮಾತ್ರ ಅನ್ವಯ.

ಲಾಗ್‌ನಲ್ಲಿ ಬಾಗಿಲು ಸಿಗದಿದ್ದರೆ ಉಳಿದ ಸಂಶಯ ಮೂರು. ಒಂದು, ನಲ್ಡ್ (ಪರವಾನಗಿ ಮುರಿದು ಬಿಟ್ಟಿ ಹಂಚಿದ) ಥೀಮ್. ಸಾವಿರಾರು ರೂಪಾಯಿಯ ಥೀಮ್ ಬಿಟ್ಟಿ ಸಿಕ್ಕಿತು ಅಂದರೆ ಅದರೊಳಗೆ ಏನಿದೆ ಅಂತ ಕೊಟ್ಟವನಿಗೆ ಮಾತ್ರ ಗೊತ್ತು. ಇಂಥ ಸೈಟ್‌ನಲ್ಲಿ ಹುಡುಕಾಟ ಮಾಡುತ್ತಾ ಕೂರುವುದು ದಂಡ, ಥೀಮ್ ಬದಲಿಸುವುದೇ ಪರಿಹಾರ. ಎರಡು, ಕದ್ದ ಪಾಸ್‌ವರ್ಡ್. ಲಾಗಿನ್ ಪುಟಕ್ಕೆ ಹೋದ ಪೋಸ್ಟ್‌ಗೆ 302 ಬಂದು, ಅದೇ ಐಪಿ ಪ್ಲಗಿನ್ ಏರಿಸಿದ ಗುರುತು ಇರುತ್ತದೆ. ಮೂರು, ನೆರೆಮನೆ. ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಮಂಡಿಯದೂ, ಹೋಂಸ್ಟೇಯದೂ, ತಮ್ಮನ ಮದುವೆಯ ಆಮಂತ್ರಣದ್ದೂ ಸೈಟ್ ಇದ್ದರೆ, ಆ ಮದುವೆ ಸೈಟ್‌ನಿಂದ ಉಳಿದೆರಡಕ್ಕೂ ಹರಡುತ್ತದೆ. ಎಲ್ಲವನ್ನೂ ಒಟ್ಟಿಗೆ ಸ್ವಚ್ಛ ಮಾಡದಿದ್ದರೆ ಪ್ರಯೋಜನ ಇಲ್ಲ.

ಗುಪ್ತ ಅಡ್ಮಿನ್ ಇದ್ದಾರೆಯೇ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ನೋಡಿ ಸಮಾಧಾನ ಪಡಬೇಡಿ. ಪಟ್ಟಿಯಿಂದ ತನ್ನನ್ನು ಮರೆಮಾಡಿಕೊಳ್ಳುವ ಕೋಡ್ ಇರುತ್ತದೆ. ಡೇಟಾಬೇಸ್‌ನ ಯೂಸರ್ಸ್ ಟೇಬಲ್‌ನಲ್ಲಿ ಎಣಿಸಿ.

ಕೀಳುವ ಕ್ರಮ

ಬಾಗಿಲು ಗೊತ್ತಾದ ಮೇಲೆ ಕೆಲಸ ಬೇಸರದ್ದೇ ಹೊರತು ಕಷ್ಟದ್ದಲ್ಲ. ಡಬ್ಲ್ಯೂಪಿ-ಅಡ್ಮಿನ್, ಡಬ್ಲ್ಯೂಪಿ-ಇನ್‌ಕ್ಲೂಡ್ಸ್ ಎರಡನ್ನೂ ಅಳಿಸಿ ಹೊಸದು ಹಾಕಿ. ಅಳಿಸದೆ ಹಳೆಯದರ ಮೇಲೆಯೇ ಹಾಕಿದರೆ ಕಳ್ಳ ಸೇರಿಸಿದ ಹೊಸ ಫೈಲ್ ಹಾಗೇ ಉಳಿಯುತ್ತದೆ. ಬೇರು ಫೋಲ್ಡರ್‌ನ (ಸೈಟ್‌ನ ಎಲ್ಲಕ್ಕಿಂತ ಮೇಲಿನ ಫೋಲ್ಡರ್) ಉಳಿದ ಪಿಎಚ್‌ಪಿ ಫೈಲ್‌ಗಳನ್ನೂ ಹೊಸದು ಹಾಕಿ, ಡಬ್ಲ್ಯೂಪಿ-ಕಾನ್ಫಿಗ್ ಮಾತ್ರ ಇಟ್ಟುಕೊಂಡು ಸಾಲು ಸಾಲು ಓದಿ. ಪ್ಲಗಿನ್, ಥೀಮ್ ಎಲ್ಲ ಮೂಲದಿಂದ ಹೊಸ ಪ್ರತಿ. ಅಪ್‌ಲೋಡ್ಸ್‌ನ ಪಿಎಚ್‌ಪಿ ಹೊರಗೆ, ಡೇಟಾಬೇಸ್‌ನ ಸ್ಕ್ರಿಪ್ಟ್ ಹೊರಗೆ. ಆಮೇಲೆ ಕ್ಯಾಶ್ ಖಾಲಿ ಮಾಡಿ. ಮರೆತರೆ ಹಳೆಯ ಪುಟವೇ ಹಂಚಿಕೆಯಾಗಿ, ಇನ್ನೂ ಸರಿ ಹೋಗಿಲ್ಲ ಅಂತ ಒಂದು ಸಂಜೆ ವ್ಯರ್ಥವಾಗುತ್ತದೆ.

ಹಳೆ ಬ್ಯಾಕಪ್ ಹಾಕಿದರೆ ಆಗದೇ? ಕಳ್ಳ ಬಂದ ದಿನ ಗೊತ್ತಿದ್ದು, ಬ್ಯಾಕಪ್ ಅದಕ್ಕಿಂತ ಹಿಂದಿನದಾದರೆ ಆಗುತ್ತದೆ. ಆದರೆ ಬಾಗಿಲು ಆ ಬ್ಯಾಕಪ್‌ನಲ್ಲೂ ತೆರೆದೇ ಇರುತ್ತದೆ. ಹಾಕಿದ ಕೂಡಲೇ ಅಪ್‌ಡೇಟ್ ಮಾಡಿ.

ಡಾಟ್ ಎಚ್‌ಟಿಆಕ್ಸೆಸ್ ಸರಿ ಮಾಡಿ ಸೇವ್ ಮಾಡಿದರೆ ಕೆಲವೇ ಕ್ಷಣದಲ್ಲಿ ಮತ್ತೆ ಹಳೆಯದೇ ಬರುತ್ತದೆಯೆ? ಸರ್ವರ್‌ನ ಮೆಮೊರಿಯಲ್ಲಿ ಒಂದು ಪಿಎಚ್‌ಪಿ ಪ್ರಕ್ರಿಯೆ ಓಡುತ್ತಾ ಫೈಲನ್ನು ಕಾಯುತ್ತಿದೆ ಅಂತ ಅರ್ಥ. ಫೈಲ್ ಅಳಿಸಿ ಉಪಯೋಗವಿಲ್ಲ, ಮೊದಲು ಆ ಪ್ರಕ್ರಿಯೆ ಕೊಲ್ಲಬೇಕು. ನಿಮಗೆ ಅಧಿಕಾರ ಇಲ್ಲದಿದ್ದರೆ ಹೋಸ್ಟಿಂಗ್‌ನವರಿಗೆ ಹೇಳಿ ಕೊಲ್ಲಿಸಿ. ಕೆಲವು ಗಂಟೆ ಬಿಟ್ಟು ಬಂದರೆ ಕ್ರಾನ್ (ನಿಗದಿತ ಹೊತ್ತಿಗೆ ತಾವೇ ಓಡುವ ಕೆಲಸಗಳ ಪಟ್ಟಿ) ನೋಡಿ: ಹೋಸ್ಟಿಂಗ್ ಪ್ಯಾನೆಲ್‌ನದೂ, ವರ್ಡ್‌ಪ್ರೆಸ್ ಒಳಗಿನದೂ. ವರ್ಡ್‌ಪ್ರೆಸ್‌ನ ಕ್ರಾನ್ ಯಾರಾದರೂ ಪುಟ ತೆರೆದಾಗ ಮಾತ್ರ ಓಡುತ್ತದೆ. ಗಿರಾಕಿ ಕಡಿಮೆ ಇರುವ ಸೈಟ್‌ನಲ್ಲಿ ರೋಗ ಮರಳುವುದು ಅನಿಯಮಿತವಾಗಿ ಕಾಣುವುದು ಅದಕ್ಕೇ.

ಕೊನೆಗೆ ಎಲ್ಲಾ ಬೀಗ ಬದಲಿಸಿ. ಹೋಸ್ಟಿಂಗ್, ಎಫ್‌ಟಿಪಿ, ಡೇಟಾಬೇಸ್, ಪ್ರತಿಯೊಬ್ಬ ಅಡ್ಮಿನ್. ಡಬ್ಲ್ಯೂಪಿ-ಕಾನ್ಫಿಗ್‌ನ ಸಾಲ್ಟ್ ಕೀಗಳನ್ನು (ಲಾಗಿನ್ ಕುಕಿಗೆ ಮುದ್ರೆ ಹಾಕುವ ಗುಪ್ತ ಸಾಲುಗಳು) ಹೊಸದು ಮಾಡಿದರೆ ಲಾಗಿನ್ ಆಗಿದ್ದವರೆಲ್ಲ, ಕಳ್ಳನೂ ಸೇರಿ, ಹೊರಗೆ ಬೀಳುತ್ತಾರೆ. ವರ್ಡ್‌ಪ್ರೆಸ್‌ನ 5.6ನೇ ಆವೃತ್ತಿಯಿಂದ ‘ಅಪ್ಲಿಕೇಶನ್ ಪಾಸ್‌ವರ್ಡ್’ (ಹೊರಗಿನ ಆ್ಯಪ್‌ಗಳಿಗೆ ಕೊಡುವ ಬೇರೆ ಪಾಸ್‌ವರ್ಡ್) ಅಂತ ಬಂದಿದೆ. ಮುಖ್ಯ ಪಾಸ್‌ವರ್ಡ್ ಬದಲಿಸಿದರೂ ಅದು ಉಳಿಯುತ್ತದೆ. ಪ್ರತಿ ಬಳಕೆದಾರರ ಪ್ರೊಫೈಲ್‌ನಲ್ಲಿ ನೋಡಿ, ಗೊತ್ತಿಲ್ಲದ್ದನ್ನು ರದ್ದು ಮಾಡಿ.

ಗೂಗಲ್‌ನಲ್ಲಿ ಉಳಿದ ಕೊಳೆ

ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗಾಗಿ ಇರುವ ಗೂಗಲ್ ಸೇವೆ) ‘ಸೆಕ್ಯೂರಿಟಿ ಇಶ್ಯೂಸ್’ ತೆರೆಯಿರಿ. ಎಚ್ಚರಿಕೆ ಇದ್ದರೆ, ಏನು ಸರಿ ಮಾಡಿದಿರಿ ಅಂತ ಬರೆದು ಮರುಪರಿಶೀಲನೆ ಕೇಳಿ. ಪೂರ್ತಿ ಸ್ವಚ್ಛ ಆಗುವ ಮೊದಲೇ ಕೇಳಿ ತಿರಸ್ಕಾರವಾದರೆ ಸುಮ್ನೆ ದಿನ ಹೋಗುತ್ತದೆ. ಗೂಗಲ್‌ನಲ್ಲಿ ನಿಮ್ಮ ಡೊಮೇನ್ ಹೆಸರಿಗಿಂತ ಮೊದಲು ‘ಸೈಟ್:’ (site:) ಹಾಕಿ ಹುಡುಕಿದಾಗ ನೀವು ಬರೆಯದ ಜಪಾನೀ ಅಕ್ಷರದ ಪುಟಗಳು ಕಂಡರೆ ಬೆಚ್ಚಬೇಡಿ, ಅದೂ ಇದೇ ಜಾತಿಯ ಹಳೆಯ ದಾಳಿ. ಕನ್ಸೋಲ್‌ಗೆ ಬೇರೆ ಯಾರಾದರೂ ಮಾಲೀಕರಾಗಿ ಸೇರಿದ್ದಾರೆಯೇ ಅಂತಲೂ ನೋಡಿ. ಕಳ್ಳರು ಪರಿಶೀಲನಾ ಫೈಲ್ ಇಟ್ಟು ಅಲ್ಲೂ ಸೇರಿಕೊಳ್ಳುತ್ತಾರೆ.

ಮತ್ತೆ ಬರದ ಹಾಗೆ

ಇದರ ಬಗ್ಗೆ ಉದ್ದ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ. ನಾನು ಮಾಡುವುದು ಇಷ್ಟು: ವರ್ಡ್‌ಪ್ರೆಸ್‌ನ 5.5ನೇ ಆವೃತ್ತಿಯಿಂದ ಪ್ಲಗಿನ್‌ಗಳಿಗೂ ಆಟೋ ಅಪ್‌ಡೇಟ್ ಇದೆ, ಅದನ್ನು ಹಾಕುತ್ತೇನೆ. ನೋಡಿಕೊಳ್ಳುವವರಿಲ್ಲದ ಸೈಟ್‌ಗೆ ಅಪ್‌ಡೇಟ್‌ನಿಂದ ಒಮ್ಮೆ ಕೆಡುವ ಅಪಾಯಕ್ಕಿಂತ ಅಪ್‌ಡೇಟ್ ಆಗದಿರುವ ಅಪಾಯ ದೊಡ್ಡದು. ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡದಂತೆ ತಡೆಯುತ್ತೇನೆ. ಆ ಒಂದು ತಡೆ ಇದ್ದಿದ್ದರೆ ‘ಇಮೇಜ್-ಕ್ಯಾಶ್’ ಅಲ್ಲೇ ಸತ್ತು ಬಿದ್ದಿರುತ್ತಿತ್ತು. ಡ್ಯಾಶ್‌ಬೋರ್ಡ್‌ನ ಫೈಲ್ ಎಡಿಟರ್ ಮುಚ್ಚುತ್ತೇನೆ. ಅಡ್ಮಿನ್‌ಗೆ ಎರಡು ಹಂತದ ಲಾಗಿನ್. ಬ್ಯಾಕಪ್ ಅದೇ ಸರ್ವರ್‌ನಲ್ಲಿ ಅಲ್ಲ, ಬೇರೆಡೆ. ಪಿಎಚ್‌ಪಿ 7.4ರ ಬೆಂಬಲ 2022ರ ನವೆಂಬರ್‌ನಲ್ಲೇ ಮುಗಿದಿದೆ, ಅದರ ಮೇಲೆ ಕೂತ ಸೈಟ್‌ಗಳನ್ನು ಮೇಲೆತ್ತುತ್ತೇನೆ. ದೊಡ್ಡ ಬದಲಾವಣೆಗೆ ಸೋಮವಾರ ಮಧ್ಯಾಹ್ನ ಹೊಂದುತ್ತದೆ. ಶುಕ್ರವಾರ ಸಂಜೆ, ದಸರಾ ರಜೆಯ ಹಿಂದಿನ ದಿನ ಹೋಂಸ್ಟೇ ಸೈಟ್ ಮುಟ್ಟಬಾರದು.

ಇನ್ನೊಂದು ತಾಂತ್ರಿಕವಲ್ಲದ ವಿಷಯ. ಡೊಮೇನ್, ಹೋಸ್ಟಿಂಗ್ ಎರಡೂ ಯಾರ ಇಮೇಲ್, ಯಾರ ಫೋನ್ ನಂಬರ್‌ನಲ್ಲಿವೆ ಅಂತ ಇವತ್ತೇ ನೋಡಿ. ಮಾಡಿಕೊಟ್ಟ ಹುಡುಗನ ಹಳೆಯ ನಂಬರ್‌ಗೆ ಒಟಿಪಿ ಹೋಗುತ್ತಿದ್ದರೆ ಮೇಲೆ ಹೇಳಿದ ಯಾವ ಹೆಜ್ಜೆಯನ್ನೂ ಶುರು ಮಾಡಲು ಆಗುವುದಿಲ್ಲ. ರೋಗ ಬಂದ ದಿನ ಅವನನ್ನು ಹುಡುಕುವ ಬದಲು, ಎಲ್ಲ ಸರಿ ಇರುವಾಗಲೇ ಅವನಿಗೆ ಫೋನ್ ಮಾಡಿ ಖಾತೆಗಳನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ.